ಕೆಳಗಿನವನ ಮುಖ

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯ ಫ್ರೇಮ್ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಜನ ಏನನ್ನು ತಂದುಕೊಡುತ್ತಾರೆ ಎಂಬುದರ ಮೇಲೆ ಅವರ ಹೆಮ್ಮೆ ಎಲ್ಲಿದೆ ಎಂದು ಹೇಳಬಲ್ಲೆ. ಡಿಗ್ರಿ ಸರ್ಟಿಫಿಕೇಟು, ದೊಡ್ಡವರ ಕೈಕುಲುಕಿದ ಫೋಟೋ, ಮೆಕ್ಕಾದ ಚಿತ್ರ, ಏಸುವಿನ ಪವಿತ್ರ ಹೃದಯದ ಪಟ, ಮಗುವಿನ ಅಂಗಾಲಿನ ಅಚ್ಚು. ನಾನು ಅಳತೆ ತೆಗೆದು ಮೌಂಟ್ ಕತ್ತರಿಸುತ್ತೇನೆ. ಮೌಂಟ್ ಎಂದರೆ ಚಿತ್ರಕ್ಕೂ ಗಾಜಿಗೂ ನಡುವೆ ಕೂರುವ ದಪ್ಪ ರಟ್ಟಿನ ಅಂಚು. ಚಿತ್ರಕ್ಕೆ ಅಂದ ಕೊಡುವುದು ಅದೇ, ಬೇಡವಾದ್ದನ್ನು ಮುಚ್ಚುವುದೂ ಅದೇ. ಕುಟುಂಬದ ಫೋಟೋದಲ್ಲಿ ಜಗಳವಾಡಿ ಹೋದ ಅಳಿಯ ಬದಿಯಲ್ಲಿ ನಿಂತಿದ್ದರೆ ಅಂಚನ್ನು ಎರಡು ಬೆರಳು ಅಗಲ ಮಾಡಿದರೆ ಸಾಕು, ಅಳಿಯ ಖಲಾಸ್. ಇಂಥದ್ದನ್ನು ನಾನು ಎಷ್ಟೋ ಸಲ ಮಾಡಿದ್ದೇನೆ, ನಗುತ್ತಲೇ ಮಾಡಿದ್ದೇನೆ.

ಆ ಒಂಬತ್ತು ಹಾಳೆಗಳು ನನ್ನ ಮೇಜಿಗೆ ಬಂದದ್ದು ಎರಡು ವರ್ಷದ ಹಿಂದೆ, ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುವ ವಾರ. ತಂದವಳು ಅಮೆರಿಕದ ಒಬ್ಬ ಹೆಂಗಸು. ಇಲ್ಲಿಯ ಶಾಲೆಯೊಂದರಲ್ಲಿ ಚರಿತ್ರೆ ಕಲಿಸಿ, ನಿವೃತ್ತಳಾಗಿ ಊರಿಗೆ ಹೊರಟಿದ್ದಳು. ಹಾಳೆಗಳು ಅವಳ ಮುತ್ತಜ್ಜ ಜೋಪಾನ ಮಾಡಿಟ್ಟಿದ್ದ ವಾರಪತ್ರಿಕೆಗಳವು, ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲದವು. ಕಾಗದ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಮಡಿಕೆಯಲ್ಲಿ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮುದ್ರಣದ ಬಣ್ಣಗಳು ಮಾತ್ರ ನಿನ್ನೆ ಹಚ್ಚಿದಷ್ಟು ಹಸಿಯಾಗಿದ್ದವು.

ಎಲ್ಲವೂ ವ್ಯಂಗ್ಯಚಿತ್ರಗಳು. ಒಂದರಲ್ಲಿ ರೈಲ್ವೆ ಪ್ಲಾಟ್‌ಫಾರ್ಮಿನಷ್ಟು ಉದ್ದದ ಊಟದ ಮೇಜು. ಸುತ್ತ ಎತ್ತರದ ಕಪ್ಪು ಟೊಪ್ಪಿಯ ದಢೂತಿ ಗಂಡಸರು, ತಟ್ಟೆಯಲ್ಲಿ ಇಡೀ ಇಡೀ ಕೋಳಿಗಳು. ಆ ಮೇಜಿಗೆ ಕಾಲುಗಳೇ ಇಲ್ಲ. ಕೆಳಗೆ ಅಂಬೆಗಾಲಿಟ್ಟ ಕೂಲಿಗಳು ಅದನ್ನು ಬೆನ್ನಿನ ಮೇಲೆ ಹೊತ್ತಿದ್ದಾರೆ. ಇನ್ನೊಂದರಲ್ಲಿ ಒಬ್ಬ ಶ್ರೀಮಂತನ ಕೋಟಿನ ಜೇಬಿನೊಳಗೆ ಪುಟ್ಟ ನ್ಯಾಯಾಧೀಶ ಜೇಬುಗಡಿಯಾರದ ಹಾಗೆ ಕೂತಿದ್ದಾನೆ. ಮತ್ತೊಂದರಲ್ಲಿ ನೃತ್ಯಕೂಟಕ್ಕೆ ಹೊರಟ ಹೆಂಗಸಿನ ಲಂಗ ಎಷ್ಟು ಉದ್ದವೆಂದರೆ ಇಡೀ ಬೀದಿ ಅದರ ಕೆಳಗೆ ಸಿಕ್ಕಿಕೊಂಡಿದೆ, ಅಂಚಿನಿಂದ ಬರಿಗಾಲುಗಳು ಇಣುಕುತ್ತಿವೆ. ಅಡಿಬರಹ ಓದುವ ಅಗತ್ಯವೇ ಇರಲಿಲ್ಲ.

ಆ ಹೆಂಗಸು ಬೆರಳಿಟ್ಟು ತೋರಿಸಿದಳು. ಈತ ರೈಲಿನವನು, ಈತ ಎಣ್ಣೆಯವನು, ಈತ ಉಕ್ಕಿನವನು. ಆ ಕಾಲದಲ್ಲಿ ಬೀದಿಯ ಜನಕ್ಕೆ ಮೂಗು ನೋಡಿದರೆ ಸಾಕಿತ್ತಂತೆ, ಯಾರೆಂದು ತಿಳಿಯುತ್ತಿತ್ತಂತೆ. ಬರೆದವರಿಗೆ ಬೆದರಿಕೆಗಳೂ ಬರುತ್ತಿದ್ದವಂತೆ. ನಾನು ಮೇಜಿನ ಅಡಿಯವರನ್ನು ತೋರಿಸಿ ಇವರು ಯಾರು ಎಂದು ಕೇಳಿದೆ. "ವರ್ಕರ್ಸ್" ಎಂದಳು, ಅದರಲ್ಲಿ ಕೇಳುವುದೇನಿದೆ ಎಂಬಂತೆ.

ಅವಳು ಹೋದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಮೇಲೆ ಹನ್ನೆರಡು ಮಂದಿ, ಹನ್ನೆರಡು ಮುಖ. ಒಬ್ಬನ ನರಹುಲಿಯನ್ನೂ ಬಿಟ್ಟಿರಲಿಲ್ಲ. ಕೆಳಗೆ ಇಪ್ಪತ್ತು ಮಂದಿ, ಒಂದೇ ಮುಖ. ಅದೇ ಟೊಪ್ಪಿ, ಅದೇ ಕುರುಚಲು ಗಡ್ಡ, ಅದೇ ತಗ್ಗಿಸಿದ ಕಣ್ಣು. ನನಗೆ ಸಿಟ್ಟು ನೆತ್ತಿಗೇರಿತು. ಬಡವರ ಪರ ಬರೆದವನಿಗೂ ಬಡವನ ಮೂಗನ್ನು ಸರಿಯಾಗಿ ನೋಡುವಷ್ಟು ಪುರುಸೊತ್ತು ಇರಲಿಲ್ಲವೇ! ಸತ್ತು ಎಷ್ಟೋ ಕಾಲವಾದ ಒಬ್ಬ ಚಿತ್ರಕಾರನ ಜೊತೆ ಒಂದು ವಾರ ಮನಸ್ಸಿನಲ್ಲೇ ಜಗಳವಾಡಿದೆ. ನಾನಾಗಿದ್ದರೆ ಕೆಳಗಿನವನಿಗೆ ಮುಖ ಕೊಡುತ್ತಿದ್ದೆ ಎಂದು ಅವನಿಗೆ ಹೇಳಿಯೂಬಿಟ್ಟೆ.

ಚಿತ್ರ ಬರೆಯುವ ಹುಚ್ಚು ನನಗೆ ಹಳೆಯದು. ಮಂಗಳೂರಿನ ಕಾಲೇಜಿನಲ್ಲಿ ಗೋಡೆಪತ್ರಿಕೆಗೆ ಕಾರ್ಟೂನು ಬರೆಯುತ್ತಿದ್ದೆ. ಅದರ ಸಂಪಾದಕ ನನಗಿಂತ ಎರಡು ವರ್ಷ ದೊಡ್ಡವನು, ನಮ್ಮದೇ ಇಗರ್ಜಿಯವನು. ಪ್ರಾಂಶುಪಾಲರ ಬಗ್ಗೆ ಬರೆದ ಒಂದು ಕಾರ್ಟೂನಿಗೆ ಇಬ್ಬರೂ ಕ್ಷಮಾಪಣೆ ಪತ್ರ ಬರೆದುಕೊಟ್ಟಿದ್ದೆವು. ಅಂದಿನಿಂದ ಅವನು ನನಗೆ ಅಣ್ಣ. ಈಗ ದುಬೈಯ ಆಸ್ಪತ್ರೆಯೊಂದರ ಆಫೀಸಿನಲ್ಲಿದ್ದಾನೆ, ನಮ್ಮ ಊರ ಕಡೆಯವರ ಸಂಘಕ್ಕೆ ಕಾರ್ಯದರ್ಶಿ. ವರ್ಷಕ್ಕೊಮ್ಮೆ ಅಲ್ಲಿಯ ಊದ್ ಮೇಥಾ ಬಡಾವಣೆಯ ಸಭಾಂಗಣದಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಸ್ಮರಣ ಸಂಚಿಕೆ ತರುವವನೂ ಅವನೇ.

ಆ ಕಾರ್ಯಕ್ರಮವನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಹಾಡು ಕುಣಿತ ಎಲ್ಲ ನೆಪ, ನಡೆಯುವುದು ಸನ್ಮಾನ. ಪ್ಲಾಟಿನಂ ಪ್ರಾಯೋಜಕರಿಗೆ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಆಮೇಲೆ ಗೋಲ್ಡಿನವರಿಗೆ, ಆಮೇಲೆ ಸಿಲ್ವರಿನವರಿಗೆ. ಬಣ್ಣ ಹಚ್ಚಿಕೊಂಡ ಮಕ್ಕಳು ತೆರೆಯ ಹಿಂದೆ ಬೆವರುತ್ತಿರುತ್ತಾರೆ. ಹಿಂದಿನ ಸಾಲುಗಳಲ್ಲಿ ಕೂಲಿಗಳ ಕ್ಯಾಂಪುಗಳಿಂದ ಬಸ್ಸಿನಲ್ಲಿ ಬಂದವರು ಬಿರಿಯಾನಿಯ ವಾಸನೆ ಎಲ್ಲಿಂದ ಬರುತ್ತಿದೆ ಎಂದು ತಿರುಗಿ ನೋಡುತ್ತಿರುತ್ತಾರೆ. ನಾನು ಅಮೆರಿಕದ ಹಾಳೆಗಳ ಫೋಟೋ ಅಣ್ಣನಿಗೆ ಕಳಿಸಿ, ಇದೇ ಮೇಜನ್ನು ನಮ್ಮ ವೇದಿಕೆ ಮಾಡಿ ಬರೆಯಲಾ ಎಂದು ಕೇಳಿದೆ.

"ಬರಿ ಮಾರಾಯ್ತಿ, ನಮ್ಮ ಸಂಚಿಕೆಯಲ್ಲಿ ಬರೀ ಜಾಹೀರಾತೇ ಉಂಟು" ಎಂದ ಫೋನಿನಲ್ಲಿ. "ನಲವತ್ತನೇ ಪುಟದಲ್ಲಿ ಹಾಕ್ತೇನೆ. ಒಂದು ಗೆರೆ ಬದಲಾಯಿಸುದಿಲ್ಲ. ನನ್ನ ಮೇಲೆ ಬಿಡು."

ಬಿಟ್ಟೆ.

ಇನ್ನು ಕಾಕನ ವಿಷಯ. ಖಾಲಿದಿಯಾ ಬಡಾವಣೆಯಲ್ಲಿ ಒಂದು ಫ್ಲ್ಯಾಟನ್ನು ಎರಡು ಸಂಸಾರಗಳು ಹಂಚಿಕೊಂಡಿದ್ದೆವು. ಒಂದು ಕೋಣೆ ನಮಗೆ. ನನ್ನ ಗಂಡ ಹೋಟೆಲಿನಲ್ಲಿ ಶಿಫ್ಟ್ ಕೆಲಸದವನು, ಈ ಕಥೆ ನಡೆಯುವಾಗಲೆಲ್ಲ ಅವನು ಒಂದೋ ಡ್ಯೂಟಿಯಲ್ಲಿದ್ದ, ಇಲ್ಲವೇ ನಿದ್ದೆಯಲ್ಲಿದ್ದ. ಇನ್ನೊಂದು ಕೋಣೆಯಲ್ಲಿ ಉಡುಪಿ ಕಡೆಯ ಬ್ಯಾರಿ ದಂಪತಿ. ಗಂಡನನ್ನು ನಾನು ಕಾಕ ಎನ್ನುತ್ತಿದ್ದೆ, ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಅವರಿಗೆ ನಾನು ಬಾಯಮ್ಮ, ಊರಲ್ಲಿ ಕ್ರಿಸ್ತರ ಹೆಂಗಸರನ್ನು ಕರೆಯುವ ಹಾಗೆ. ಅವರ ಮನೆಮಾತು ಬೇರೆ, ನನ್ನ ಕೊಂಕಣಿ ಬೇರೆ, ಹಾಗಾಗಿ ಅಡುಗೆಮನೆಯಲ್ಲಿ ತುಳು ಮತ್ತು ಕನ್ನಡದ ಕಲಸುಮೇಲೋಗರ. ಮೀನು ಯಾರು ತಂದರೂ ಎರಡು ಪಾಲು. ಕುಚ್ಚಲಕ್ಕಿಯ ಚೀಲ ಒಂದೇ.

ಕಾಕ ಪಟ್ಟಣದ ಹೊರಗಿನ ಮುಸಫ್ಫಾದಲ್ಲಿ ಒಂದು ದೊಡ್ಡ ಕಂಪೆನಿಯ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಮದುವೆಯಾಗಿ ಹದಿನೆಂಟು ವರ್ಷ ಅವರು ಇಲ್ಲಿ, ಅಕ್ಕ ಊರಲ್ಲಿ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಮಕ್ಕಳಾಗಲಿಲ್ಲ. ಕೊನೆಗೂ ಫ್ಯಾಮಿಲಿ ವೀಸಾ ಆಗಿ ಅಕ್ಕ ಬಂದಾಗ ಇಬ್ಬರಿಗೂ ಒಬ್ಬರಿಗೊಬ್ಬರು ಹೊಸಬರು. ಕಾಕನಿಗೆ ಚಹಾಕ್ಕೆ ಎಷ್ಟು ಸಕ್ಕರೆ ಎಂದು ಅಕ್ಕ ನನ್ನನ್ನು ಗುಟ್ಟಾಗಿ ಕೇಳಿದ್ದರು. ನೋಡುತ್ತ ನೋಡುತ್ತ ಹೊಂದಿಕೊಂಡರು. ಸಂಜೆ ಕಾಕ ಬರುವ ಹೊತ್ತಿಗೆ ಅಕ್ಕ ಲಿಫ್ಟಿನ ಸದ್ದಿಗೆ ಕಿವಿ ಕೊಡುತ್ತಿದ್ದರು. ಲಿಫ್ಟು ನಮ್ಮ ಮಹಡಿಯಲ್ಲಿ ನಿಂತಿತೋ, ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಐವತ್ತರ ಹತ್ತಿರದ ಹೆಂಗಸು! ನಾನು ಕೀಟಲೆ ಮಾಡಿದರೆ ಸೌಟು ತೋರಿಸುತ್ತಿದ್ದರು.

ಕಾಕನದ್ದು ಮರೆಯಲಾಗದ ಮುಖ. ಎಡಹುಬ್ಬನ್ನು ಸೀಳಿದ ಹಳೆಯ ಗಾಯ, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲು, ನಗುವಿಗೂ ಬೇಸರಕ್ಕೂ ಒಂದೇ ಬಗೆಯಲ್ಲಿ ಸೊಟ್ಟಗಾಗುವ ತುಟಿ. ಒಂದು ಸಂಜೆ ಅವರು ಹೊಸ ಅಕ್ಕಿಚೀಲವನ್ನು ಹೆಗಲ ಮೇಲೆ ಹೊತ್ತು ಅಡುಗೆಮನೆಗೆ ಬಂದರು. "ಕಾಕ, ಹಾಗೇ ನಿಲ್ಲಿ, ಇಳಿಸಬೇಡಿ" ಎಂದೆ. ಮೌಂಟ್ ರಟ್ಟಿನ ತುಂಡೊಂದನ್ನು ತಂದು ಬರೆಯತೊಡಗಿದೆ.

"ಎಂತ ಬಾಯಮ್ಮ, ನನ್ನ ಫೋಟೋ ಪೇಪರಿಗಾ?"

"ಅಭ್ಯಾಸಕ್ಕೆ."

"ಬೇಗ ಮಾಡಿ, ಸೊಂಟ ಹೋಯ್ತು. ಹೀರೋ ಥರ ಬರಿಬೇಕು, ಆಯ್ತಾ?"

ಅಭ್ಯಾಸಕ್ಕೆ ಎಂದ ಆ ಒಂದು ಪದವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆ ಹೊತ್ತಿಗಾಗಲೇ ಇಡೀ ಚಿತ್ರ ನನ್ನ ತಲೆಯಲ್ಲಿತ್ತು.

ಚಿತ್ರ ಹೀಗಿತ್ತು: ಮೇಲೆ ವೇದಿಕೆ. ಅದರ ಮೇಲೆ ಸಿಂಹಾಸನದಂಥ ಕುರ್ಚಿಯಲ್ಲಿ ಒಬ್ಬ ದಢೂತಿ ಪ್ರಾಯೋಜಕ, ಅವನ ಮೇಲೆ ಶಾಲುಗಳ ರಾಶಿ, ಅದರ ತುದಿಯಲ್ಲಿ ಒಂದು ಪೇಟ. ವೇದಿಕೆಗೆ ಕಂಬಗಳಿಲ್ಲ, ಐವರು ಹೆಗಲು ಕೊಟ್ಟಿದ್ದಾರೆ. ನಾಲ್ವರು ಬೆನ್ನು ತಿರುಗಿಸಿ ನಿಂತವರು. ನಡುವಿನವನು ಮಾತ್ರ ನಮ್ಮನ್ನೇ ನೇರವಾಗಿ ನೋಡುತ್ತಿದ್ದಾನೆ. ಅದು ಕಾಕ, ಗಾಯ ಪೆನ್ಸಿಲು ಸಮೇತ. ನಾನು ಬರೆದ ಮುಖಗಳಲ್ಲೇ ಒಳ್ಳೆಯ ಮುಖ. ಮೇಲಿನವನಿಗೆ ಒಂದು ಗುಂಡು ಮುಖ, ಎರಡು ಗಲ್ಲ ಇಟ್ಟೆ. ಅವನು ಯಾರೂ ಅಲ್ಲ. ಯಾರ ಹೋಲಿಕೆಯೂ ಬಾರದಂತೆ ಮೂಗನ್ನು ಮೂರು ಸಲ ಅಳಿಸಿ ಬರೆದಿದ್ದೆ. ಸ್ಕ್ಯಾನ್ ಮಾಡಿ ಅಣ್ಣನಿಗೆ ಕಳಿಸಿದೆ. "ಬೆಂಕಿ!" ಎಂದು ಉತ್ತರ ಬಂತು.

ಕಾರ್ಯಕ್ರಮದ ದಿನ ಊದ್ ಮೇಥಾದ ಬಾಗಿಲಲ್ಲೇ ಸಂಚಿಕೆ ತೆಗೆದುಕೊಂಡು ನಲವತ್ತನೇ ಪುಟ ತೆರೆದೆ. ಚಿನ್ನದಂಗಡಿಯ ಜಾಹೀರಾತು. ಹಿಂದೆ ಮುಂದೆ ತಿರುವಿದೆ. ಇಲ್ಲ. ಅಣ್ಣ ವೇದಿಕೆಯ ಮೇಲೆ ಮೈಕ್ ಹಿಡಿದು ಓಡಾಡುತ್ತಿದ್ದ, ಕಣ್ಣು ಸಿಕ್ಕಿದಾಗ ಹೆಬ್ಬೆರಳು ಎತ್ತಿದ. ಕೊನೆಗೆ ಪ್ಲಾಟಿನಂ ಪ್ರಾಯೋಜಕರ ಸರದಿ ಬಂತು. ಅದು ಕಾಕನ ಕಂಪೆನಿಯ ಮಾಲಿಕರೇ ಎಂದು ನನಗೆ ಗೊತ್ತಾದದ್ದು ಅಲ್ಲಿ. ಶಾಲು ಪೇಟ ಎಲ್ಲ ಆದ ಮೇಲೆ ಅಣ್ಣ ಘೋಷಿಸಿದ, ಈ ಬಾರಿ ವಿಶೇಷ ಸ್ಮರಣಿಕೆ, ನಮ್ಮದೇ ಕಲಾವಿದೆ ಮನಃಪೂರ್ವಕವಾಗಿ ರಚಿಸಿದ ಚಿತ್ರ. ಇಬ್ಬರು ಹುಡುಗಿಯರು ವೆಲ್ವೆಟ್ ಬಟ್ಟೆ ಸರಿಸಿದರು.

ನನ್ನ ಚಿತ್ರ. ಆಳೆತ್ತರಕ್ಕೆ ದೊಡ್ಡದು ಮಾಡಿ, ಬಣ್ಣ ಹಚ್ಚಿಸಿ, ಚಿನ್ನದ ಚೌಕಟ್ಟು ಹಾಕಿಸಿದ್ದ. ಯಾರೂ ಅಲ್ಲದ ಆ ಗುಂಡು ಮುಖದ ಜಾಗದಲ್ಲಿ ಕಂಪ್ಯೂಟರಿನಲ್ಲಿ ಕೂರಿಸಿದ ಮಾಲಿಕರ ನಗುಮುಖ. ಕೆಳಗೆ ಅಗಲವಾದ ಕೆನೆಬಣ್ಣದ ಮೌಂಟ್. ಹೊತ್ತ ಐವರಲ್ಲಿ ಒಬ್ಬನೂ ಕಾಣಿಸುತ್ತಿರಲಿಲ್ಲ. ಶಾಲುಗಳ ಗೋಪುರದ ಮೇಲೆ, ಯಾರ ಆಧಾರವೂ ಇಲ್ಲದೆ, ದೇವರ ಹಾಗೆ ತೇಲುತ್ತಿದ್ದರು ಮಾಲಿಕರು. ಚಪ್ಪಾಳೆಯೋ ಚಪ್ಪಾಳೆ.

ನನ್ನ ಹೆಸರು ಕರೆದರು. ಹೋಗಲಿಲ್ಲ ಎಂದು ಬರೆಯಲು ಆಸೆಯಿದೆ. ಹೋದೆ. ಕಾಲು ತಾನಾಗಿ ನಡೆಯಿತು. ನನಗೂ ಒಂದು ಶಾಲು ಹೊದೆಸಿದರು, ಮಾಲಿಕರ ಪಕ್ಕ ನಿಂತು ಫೋಟೋಕ್ಕೆ ಹಲ್ಲು ಬಿಟ್ಟೆ. ಕೆಳಗಿಳಿದು ಅಣ್ಣನನ್ನು ತೆರೆಯ ಹಿಂದೆ ಹಿಡಿದು ಕೇಳಿದೆ, ಇದೆಂಥ ಮೋಸ ಎಂದು.

"ಮೋಸ ಎಂತದ್ದು? ಐನೂರು ಜನರ ಎದುರು ನಿನ್ನ ಹೆಸರು ಹೇಳಿದ್ದೇನೆ" ಎಂದ. "ಅವರು ಇಲ್ಲದಿದ್ರೆ ಹಾಲ್ ಇಲ್ಲ, ಊಟ ಇಲ್ಲ. ಸ್ವಲ್ಪ ಅರ್ಥ ಮಾಡಿಕೊ."

ಒಂದು ಗೆರೆ ಬದಲಾಯಿಸುವುದಿಲ್ಲ ಎಂದವನು. ನನ್ನ ಜೊತೆ ಪ್ರಾಂಶುಪಾಲರಿಗೆ ಕ್ಷಮಾಪಣೆ ಬರೆದು, ಹೊರಗೆ ಬಂದು ಹೊಟ್ಟೆ ಹಿಡಿದು ನಕ್ಕವನು. ಅಬುಧಾಬಿಗೆ ವಾಪಸಾಗುವ ಬಸ್ಸಿನಲ್ಲಿ ಶಾಲನ್ನು ಮುದ್ದೆ ಮಾಡಿ ಕಾಲಡಿ ಹಾಕಿಕೊಂಡೆ. ಇಡೀ ದಾರಿ ನನಗೆ ಅನಿಸಿದ್ದು ಒಂದೇ, ಅವನು ನನ್ನ ಚಿತ್ರದ ಕಾಲು ಕತ್ತರಿಸಿದ.

ಮಾರನೆಯ ಬೆಳಿಗ್ಗೆ ಅಂಗಡಿಗೆ ಹೋದವಳೇ ಮೇಜಿನ ಖಾನೆಯಿಂದ ಮೂಲ ಚಿತ್ರ ತೆಗೆದು ಫೋಟೋ ಹಿಡಿದು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ಬರೆದೆ: "ಇದು ಪೂರ್ತಿ ಚಿತ್ರ. ನಿನ್ನೆ ಮುಚ್ಚಿಟ್ಟದ್ದನ್ನು ನೋಡಿ." ಎದೆ ತಣ್ಣಗಾಯಿತು. ಹೃದಯ, ಹೆಬ್ಬೆರಳು, ನಗುವ ಮುಖಗಳು ಸಾಲಾಗಿ ಬಂದವು. ಹತ್ತನೆಯದೋ ಹನ್ನೊಂದನೆಯದೋ ಒಂದು ಸಂದೇಶ: "ನಡುವಿನವರು ನಮ್ಮ ಸ್ಟೋರಿನ ಕಾಕ ಅಲ್ವಾ? ಸೂಪರ್!"

ಓದಿದವಳೇ ಚಿತ್ರವನ್ನು ಅಳಿಸಿದೆ. ಅಳಿಸಿ ಏನು? ಮಧ್ಯಾಹ್ನದ ಹೊತ್ತಿಗೆ ಬೇರೆ ಗುಂಪಿನಿಂದ ನನ್ನ ಗಂಡನ ಫೋನಿಗೇ ಅದು ಬಂತು.

ಹಿಂದಿನ ದಿನ ಮಾಲಿಕರ ಮುಖ ಹೊತ್ತು ಮೆರೆದ ಚಿತ್ರದ ಕೆಳಗೆ ಅವರದ್ದೇ ನೌಕರ ನಿಂತು ದಿಟ್ಟಿಸುತ್ತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು? ಕಾಕ ನನ್ನ ಹತ್ತಿರ ದೂರು ಹೇಳಿಕೊಂಡಿದ್ದಾರೆ, ನಾನು ಅದನ್ನು ಬರೆದಿದ್ದೇನೆ ಎಂದೇ. ಆಫೀಸಿನಲ್ಲಿ ಅವರನ್ನು ಕರೆಸಿ, ಕಷ್ಟವಿದ್ದರೆ ನಮಗೇ ಹೇಳಬಹುದಿತ್ತಲ್ಲ ಎಂದು ಬಹಳ ಮರ್ಯಾದೆಯಿಂದ ಕೇಳಿದರಂತೆ. ಒಂದು ವಾರಕ್ಕೆ ವರ್ಗಾವಣೆಯ ಕಾಗದ. ಮರಳುಗಾಡಿನ ಒಳಗೆ ದೂರದ ಸೈಟು, ಉಳಿಯಲಿಕ್ಕೆ ಕ್ಯಾಂಪು, ಒಂದು ಕೋಣೆಯಲ್ಲಿ ಆರು ಗಂಡಸರು. ಕ್ಯಾಂಪಿಗೆ ಹೆಂಡತಿಯನ್ನು ಕರೆದೊಯ್ಯುವಂತಿಲ್ಲ. ಅಕ್ಕ ಒಬ್ಬರೇ ಇಲ್ಲಿ ಉಳಿಯುವ ಹಾಗೂ ಇಲ್ಲ. ಊರಿಗೆ ಟಿಕೆಟ್ಟಾಯಿತು. ಹದಿನೆಂಟು ವರ್ಷ ಕಾದು ಸಿಕ್ಕಿದ್ದು ಎರಡು ವರ್ಷದ ಸಂಸಾರ.

ಅಣ್ಣನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಕೇಳಿಸಿಕೊಂಡು, "ನಾನು ಮುಚ್ಚಿದ್ದು ಆ ಮನುಷ್ಯನನ್ನು ಉಳಿಸ್ಲಿಕ್ಕೆ. ತೋರಿಸಿದ್ದು ನೀನು" ಎಂದ. ಸುಳ್ಳುಗಾರ. ಅವನು ಮುಚ್ಚಿದ್ದು ಸಭಾಂಗಣದ ಬಾಡಿಗೆಗೆ, ಊಟದ ಖರ್ಚಿಗೆ. ಆದರೂ ಆ ಮೌಂಟ್ ಇದ್ದಷ್ಟು ಹೊತ್ತು ಕಾಕನಿಗೆ ಏನೂ ಆಗಿರಲಿಲ್ಲ. ಈ ಸಂಗತಿಯನ್ನು ಎಷ್ಟು ಸಲ ಉಗುಳಿದರೂ ಗಂಟಲಲ್ಲೇ ಉಳಿದಿದೆ.

ಮುಸಫ್ಫಾದ ಆಫೀಸಿಗೂ ಹೋದೆ. ರಿಸೆಪ್ಷನ್ನಿನಲ್ಲಿ ಆ ಚಿತ್ರವನ್ನೇ ತೂಗುಹಾಕಿದ್ದರು. ಅದರ ಕೆಳಗಿನ ಸೋಫಾದಲ್ಲಿ ಕೂತು ಕಾದೆ. ಮೌಂಟಿನ ಮೂಲೆಗಳಲ್ಲಿ ಬ್ಲೇಡು ದಾಟಿದ ಗುರುತುಗಳಿದ್ದವು, ಕಸುಬು ಬಾರದವರ ಕೆಲಸ. ಮಾಲಿಕರು ಹೊರಗೆ ಬಂದವರು ನನ್ನ ಗುರುತು ಹಿಡಿದು, "ಓ, ಆರ್ಟಿಸ್ಟ್ ಮೇಡಂ! ಟೀ ತಗೊಂಡ್ರಾ?" ಎಂದರು. ಕಾಕನ ತಪ್ಪೇನಿಲ್ಲ, ಅವರಿಗೆ ಏನೂ ಗೊತ್ತಿರಲಿಲ್ಲ ಎಂದೆ.

"ತಪ್ಪು ಅಂತ ಯಾರು ಹೇಳಿದ್ರು?" ನಗುತ್ತಲೇ ಕೇಳಿದರು. "ಅವರಿಗೆ ಇಲ್ಲಿ ಭಾರ ಜಾಸ್ತಿ ಆಗಿದೆ ಅಂತ ನೀವೇ ತೋರಿಸಿದ್ದೀರಲ್ಲ. ಜಾಗ ಬದಲಾದ್ರೆ ಒಳ್ಳೇದಾಗ್ತದೆ."

ನಾನು ಬರೆದದ್ದೆಲ್ಲ ಅವರ ಕೆಲಸಕ್ಕೇ ಬಂತು. ಮೇಲಿನರ್ಧ ಗೋಡೆಗೆ, ಕೆಳಗಿನರ್ಧ ವರ್ಗಾವಣೆಗೆ.

ಅಕ್ಕ ಹೊರಡುವ ಹಿಂದಿನ ಸಂಜೆ ಇಬ್ಬರೂ ಅಡುಗೆಮನೆಯ ತಮ್ಮ ಪಾಲನ್ನು ಖಾಲಿ ಮಾಡುತ್ತಿದ್ದರು. ಅಕ್ಕ ಹದಿನೈದು ದಿನದಿಂದ ನನ್ನೊಡನೆ ಮಾತಾಡಿರಲಿಲ್ಲ. ಡಬ್ಬಗಳನ್ನು ಪೇಪರಿನಲ್ಲಿ ಸುತ್ತಿ, ನನ್ನ ಕೈಯಿಂದ ದಾರದ ಉಂಡೆಯನ್ನು ತೆಗೆದುಕೊಳ್ಳದೆ ತಾವೇ ಎದ್ದು ಬೇರೆ ತಂದುಕೊಂಡರು. ನಾನು ಕಾಕನಿಗೆ ಎಲ್ಲವನ್ನೂ ಮೊದಲಿಂದ ಹೇಳಿದೆ. ಅಮೆರಿಕದ ಹಾಳೆಗಳು, ಅಣ್ಣನ ಮಾತು, ನಲವತ್ತನೇ ಪುಟ, ಚಿನ್ನದ ಚೌಕಟ್ಟು. ಕಾಕ, ಅವನು ನಮ್ಮಿಬ್ಬರಿಗೂ ಮೋಸ ಮಾಡಿದ ಎಂದೆ. ಅತ್ತೂಬಿಟ್ಟೆ.

ಕಾಕ ಅಕ್ಕಿಚೀಲದ ಬಾಯಿ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು.

"ನೀವು ಬರೆದದ್ದರಲ್ಲಿ ಮೇಲೆ ಕೂತವ ಯಾರು ಬಾಯಮ್ಮ?"

"ಯಾರೂ ಅಲ್ಲ ಕಾಕ."

"ಯಾಕೆ ಯಾರೂ ಅಲ್ಲ?"

"ಯಾರದ್ದಾದ್ರೂ ಹೋಲಿಕೆ ಬಂದ್ರೆ ತೊಂದ್ರೆ ಅಲ್ವಾ. ಕೆಲಸ, ವೀಸಾ... ಹೆದರಿಕೆ ಆಯ್ತು."

ಅವರು ತಲೆ ಆಡಿಸಿದರು, ನ್ಯಾಯವೇ ಎಂಬಂತೆ. ತುಟಿ ಸೊಟ್ಟಗಾಯಿತು.

"ನನ್ನನ್ನು ಬರೆಯುವಾಗ ಹೆದರಿಕೆ ಆಗ್ಲಿಲ್ಲ ಅಲ್ವಾ?"

ಆ ಸತ್ತ ಅಮೆರಿಕದವನ ಜೊತೆ ವಾರವಿಡೀ ಜಗಳವಾಡಿದವಳು ನಾನು. ಅವನು ಮೇಲಿನವರ ಒಂದೊಂದು ಮೂಗನ್ನೂ ಬರೆದು, ಬಂದ ಬೆದರಿಕೆಯನ್ನು ತಾನೇ ತಿಂದ. ಕೆಳಗಿನವರನ್ನು ಯಾರೂ ಗುರುತು ಹಿಡಿಯದ ಹಾಗೆ ಬಿಟ್ಟ. ನಾನು ಮೇಲಿನವನ ಮೂಗನ್ನು ಮೂರು ಸಲ ಅಳಿಸಿದೆ. ಕೆಳಗಿನವನ ಗಾಯವನ್ನು ಒಂದು ಸಲಕ್ಕೇ ಸರಿಯಾಗಿ ಬರೆದೆ.

ಕಾಕ ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಚೀಲವನ್ನು ಕಾಲಿನಿಂದ ನನ್ನ ಪಾಲಿನ ಕಡೆ ಮೆಲ್ಲಗೆ ದೂಡಿ, ಅರ್ಧ ಉಳಿದಿದೆ, ನೀವೇ ಇಟ್ಟುಕೊಳ್ಳಿ ಎಂದರು.